ಮಲ್ಲಿಗೆಗೆ ಏನಾಯಿತು?

ನಮ್ಮ ಪುಂಜಾಲಕಟ್ಟೆಯ ಕಡೆ ಇಬ್ಬರು ಹೆಂಗಸರು ದಾರಿಯಲ್ಲಿ ಎದುರಾದರೆ ಮೊದಲು ಮಳೆಯ ಸುದ್ದಿ, ಆಮೇಲೆ ಮಕ್ಕಳ ಸುದ್ದಿ, ಮೂರನೆಯದಾಗಿ ಮಲ್ಲಿಗೆಯ ಸುದ್ದಿ. "ನಿಮ್ಮಲ್ಲಿ ಹೂ ಹೇಗುಂಟು?" ಎಂದು ಕೇಳಿದರೆ ಅದು ಬರೀ ಹೂವಿನ ವಿಚಾರಣೆಯಲ್ಲ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆಯೇ, ಸಂಘದ ಕಂತು ಕಟ್ಟಿ ಆಯಿತೇ, ಮಗಳ ಫೀಸಿಗೆ ಗಂಡನ ಮುಖ ನೋಡಬೇಕಾಯಿತೇ ಎಂಬುದೆಲ್ಲ ಆ ಒಂದು ಪ್ರಶ್ನೆಯೊಳಗೆ ಅಡಗಿರುತ್ತದೆ.

ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿ ತಾಲೂಕು ಶುರುವಾಗುವ ಅಂಚಿನ ಊರು ನಮ್ಮದು. ಬಿ.ಸಿ. ರೋಡಿನಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿ ಊರ ನಡುವೆಯೇ ಹಾದುಹೋಗುತ್ತದೆ. ನಾವು ಚಿಕ್ಕವರಿದ್ದಾಗ ಮಲ್ಲಿಗೆ ಎಂದರೆ ಉಡುಪಿ ಕಡೆಯ ಶಂಕರಪುರದ ಸೊತ್ತು. ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿದ ಹೂ ಬಸ್ಸಿನಲ್ಲಿ ಬರುತ್ತಿತ್ತು. ಮದುವೆಗೋ ಕೋಲಕ್ಕೋ ನಾಗನ ಕಾರ್ಯಕ್ಕೋ ಅದೇ ಬೇಕು. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವೂ ಅಲ್ಲಿಂದಲೇ ಬಂದದ್ದು. ದಿನದ ದರ ಇಂದಿಗೂ ಶಂಕರಪುರದಲ್ಲೇ ನಿಶ್ಚಯವಾಗುತ್ತದೆ. 2007-08ರ ಸಾಲಿನಲ್ಲಿ ಉಡುಪಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಜೊತೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಈಗ ಅದೇ ಗಿಡ ನಮ್ಮ ಕಡೆಯ ಅಂಗಳಕ್ಕೂ ತಾರಸಿಗೂ ಬಂದು ಚಟ್ಟಿಯಲ್ಲಿ ಕುಳಿತಿದೆ. ಬೀಡಿಯ ಕೆಲಸ ಕಡಿಮೆಯಾದ ಮೇಲೆ ಬೀಡಿ ಕಟ್ಟುತ್ತಿದ್ದ ಬೆರಳುಗಳೇ ಹೂ ಕಟ್ಟಲು ಕಲಿತವು. ನೂಲು ಬಿಟ್ಟು ನಾರು ಹಿಡಿದದ್ದಷ್ಟೇ ವ್ಯತ್ಯಾಸ.

ನಾನು ಬಿ.ಎ., ಬಿ.ಎಡ್. ಓದಿ ಸಮಾಜ ಪಾಠ ಮಾಡುವವಳು. ಗಿಡದ ಶಾಸ್ತ್ರ ನನ್ನದಲ್ಲ. ಆದರೂ ಚರಿತ್ರೆಯ ಹುಚ್ಚಿಗೆ ಮಲ್ಲಿಗೆಯ ಜಾತಕವನ್ನು ಸ್ವಲ್ಪ ಹುಡುಕಿದ್ದೇನೆ. 1753ರಲ್ಲಿ ಲಿನೇಯಸ್ ಇದಕ್ಕೆ ಹೆಸರಿಟ್ಟಾಗ ನಮ್ಮ ಪಾರಿಜಾತದ ಕುಲಕ್ಕೇ ಸೇರಿಸಿ 'ನಿಕ್ಟಾಂಥಿಸ್ ಸಂಬಾಕ್' ಎಂದು ಕರೆದಿದ್ದನಂತೆ. ಇರುಳು ಅರಳುವ ಹೂ ಎಂದು ಆ ಕುಲದ ಹೆಸರಿನ ಅರ್ಥ. 1789ರಲ್ಲಿ ಐಟನ್ ಎಂಬವನು ಅದನ್ನು 'ಜಾಸ್ಮಿನಮ್ ಸಂಬಾಕ್' ಎಂದು ತಿದ್ದಿದ. ಫಿಲಿಪೈನ್ಸಿನವರು 1934ರಲ್ಲಿ, ಇಂಡೋನೇಷ್ಯಾದವರು 1990ರಲ್ಲಿ ಇದೇ ಹೂವನ್ನು ತಮ್ಮ ರಾಷ್ಟ್ರೀಯ ಪುಷ್ಪವೆಂದು ಸಾರಿದರು. ದೇಶದೇಶಗಳು ತಲೆಯ ಮೇಲಿಟ್ಟುಕೊಂಡ ಗಿಡ ನಮ್ಮ ಅಂಗಳದಲ್ಲಿ ಮುನಿಸಿಕೊಂಡರೆ ಮಾತ್ರ ಏಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಎಲೆಯಲ್ಲಿ, ಮೊಗ್ಗಿನಲ್ಲಿ, ಬೇರಿನಲ್ಲಿ ಸಂಜ್ಞೆ ಕೊಡುತ್ತದೆ. ಓದಿಕೊಳ್ಳುವ ಕೆಲಸ ನಮ್ಮದು.

ಓದಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಮನೆಯ ಸಂಗತಿಯೊಂದನ್ನು ಹೇಳಬೇಕು.

ಅವಳಿಗೆ ನಲವತ್ತರ ಆಸುಪಾಸು. ಅಂಗಳದಲ್ಲಿ 32 ಚಟ್ಟಿ ಮಲ್ಲಿಗೆ. ಒಳ್ಳೆಯ ದಿನಗಳಲ್ಲಿ ಎರಡು ಚೆಂಡು ಹೂ ಸಿಗುತ್ತಿತ್ತು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಪೇಟೆಯ ಹೂವಿನಂಗಡಿಗೆ ಹೋಗುವ ರಿಕ್ಷಾದಲ್ಲಿ ಕೊಟ್ಟುಬಿಟ್ಟರೆ ಆ ದಿನದ ದುಡಿಮೆ ಮುಗಿಯಿತು. ಆ ಹಣವನ್ನು ಅವಳು ಸಾಸಿವೆ ಡಬ್ಬಿಯಲ್ಲಿ ಹಾಕುತ್ತಿರಲಿಲ್ಲ, ಬ್ಯಾಂಕಿನಲ್ಲಿ ಮಗಳ ಹೆಸರಿಗೆ ಹಾಕುತ್ತಿದ್ದಳು. ಮಗಳು ಒಂಬತ್ತನೆಯ ತರಗತಿ ಮುಗಿಸಿದ್ದಳು. ರಜೆಯಲ್ಲಿ ಗಿಡಕ್ಕೆ ನೀರು ಹಾಕುವ ಕೆಲಸ ಅವಳದು.

2019ರ ಏಪ್ರಿಲ್ ಇರಬೇಕು. ಹೂ ಸುರಿಯಬೇಕಾದ ಪಗ್ಗು ತಿಂಗಳಲ್ಲಿ ಎರಡು ಚೆಂಡು ಒಂದಾಯಿತು, ಒಂದು ಅರೆಯಾಯಿತು. ಕೆಲವು ಗಿಡ ಹಳದಿಯಾದವು, ಕೆಲವದರ ಮೊಗ್ಗು ಉದುರಿತು. ಬಂದವರೆಲ್ಲ ಒಂದೊಂದು ಮಾತು ಹೇಳಿದರು. ದೃಷ್ಟಿಯಾಗಿದೆ ಎಂದರು, ಹಳೆಯ ಚಪ್ಪಲಿ ಕಟ್ಟಿ ಎಂದರು, ಯೂರಿಯಾ ಹಾಕಿ ಎಂದರು. ಕೊನೆಗೆ ಮನೆಯ ಅಜ್ಜಿಯ ಮಾತು ಬಂತು. "ಆ ಹುಡುಗಿ ಮುಟ್ಟಾದ ದಿನವೂ ಗಿಡದ ಹತ್ತಿರ ಹೋಗಿದ್ದಾಳೆ. ಮಲ್ಲಿಗೆ ತಡೆಯುತ್ತದಾ?"

ಓದುವ ನಿಮಗೆ ಈ ಮಾತು ಹೊಸದಲ್ಲ. ನಮ್ಮಲ್ಲಿ ಅನೇಕರು ತುಳಸಿಕಟ್ಟೆಯಿಂದ, ಮಲ್ಲಿಗೆಯ ಗಿಡದಿಂದ, ಉಪ್ಪಿನಕಾಯಿಯ ಭರಣಿಯಿಂದ ಆ ಮೂರು ದಿನ ದೂರ ನಿಂತೇ ಬೆಳೆದವರು. ಅಜ್ಜಿಯೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರ ತಾಯಿ ಅವರಿಗೆ ಹೇಳಿದ್ದನ್ನೇ ಅವರು ಹೇಳಿದರು. ಆದರೆ ಆ ಮಾತಿನ ಭಾರ ಬಿದ್ದದ್ದು ಹುಡುಗಿಯ ಮೇಲೆ. ತನ್ನ ಓದಿಗೆಂದು ಕೂಡಿಡುತ್ತಿದ್ದ ದುಡ್ಡನ್ನು ತಾನೇ ಮುಟ್ಟಿ ಕೆಡಿಸಿದೆ ಎಂದು ಅವಳು ನಂಬಿಬಿಟ್ಟಳು. ಅಂಗಳಕ್ಕೇ ಇಳಿಯಲೊಲ್ಲಳು. "ಟೀಚರೇ, ಅವಳು ಸರಿಯಾಗಿ ಊಟವನ್ನೂ ಮಾಡುವುದಿಲ್ಲ, ಒಮ್ಮೆ ಬಂದು ಹೇಳಿ" ಎಂದು ತಾಯಿ ಕರೆದಳು. ಗಿಡ ನೋಡಲು ಕರೆದದ್ದಲ್ಲ, ಮಗಳನ್ನು ನೋಡಲು ಕರೆದದ್ದು.

ಬುದ್ಧಿವಾದ ಹೇಳಿದರೆ ಹದಿಹರೆಯದ ಮಕ್ಕಳಿಗೆ ಹಿಡಿಸುವುದಿಲ್ಲ ಎಂಬುದು ಇಷ್ಟು ವರ್ಷ ತರಗತಿಯಲ್ಲಿ ನಿಂತ ನನಗೆ ಗೊತ್ತು. "ಹಾಗೇನಿಲ್ಲ ಮಗಾ" ಎಂದರೆ "ಹೌದು ಟೀಚರ್" ಎಂದು ತಲೆಯಾಡಿಸಿ ಒಳಗಿನದ್ದನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಒಂದು ಹಳೆಯ ನೋಟ್ ಪುಸ್ತಕ ಕೊಟ್ಟು, "32 ಚಟ್ಟಿಗೂ ನಂಬರು ಹಾಕು. ಯಾವುದರ ಎಲೆ ಹೇಗುಂಟು, ಮೊಗ್ಗು ಹೇಗುಂಟು, ಹಾಜರಿ ಪುಸ್ತಕದಂತೆ ಬರೆ" ಎಂದೆ. "ನಾನು ಮುಟ್ಟಬಹುದಾ?" ಎಂದು ಕೇಳಿದಳು. "ಮುಟ್ಟದೆ ಎಲೆ ತಿರುಗಿಸಿ ನೋಡುವುದು ಹೇಗೆ?" ಎಂದೆ.

ಮರುದಿನ ಸಂಜೆ ಪುಸ್ತಕ ಬಂತು. ಹಳದಿಯಾದವು 11. ಹನ್ನೊಂದೂ ಹೊಸ ಕಾಂಪೌಂಡ್ ಗೋಡೆಯ ಬದಿಯವು. ಉಳಿದ 21ರ ಎಲೆ ಹಸಿರಾಗಿಯೇ ಇತ್ತು, ಆದರೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ. "ನೀನು ನೀರು ಹಾಕಿದ್ದು ಎಷ್ಟಕ್ಕೆ?" "ಎಲ್ಲದಕ್ಕೂ." "ನಿನ್ನ ಕೈಯ ದೋಷವಾದರೆ ಗೋಡೆಯ ಬದಿಗೆ ಒಂದು ರೋಗ, ಬಾವಿಯ ಬದಿಗೆ ಇನ್ನೊಂದು ರೋಗ ಬರುವುದು ಹೇಗೆ?" ಹುಡುಗಿ ಪುಸ್ತಕವನ್ನೇ ನೋಡುತ್ತ ಕುಳಿತಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಅಳುವಿನ ಬದಲು ಯೋಚನೆ ಕಾಣಿಸಿತು.

ಇನ್ನು ಕಾರಣ ಹುಡುಕುವ ಕೆಲಸ. ಹಳದಿಯಲ್ಲಿ ಎರಡು ವಿಧ ಉಂಟು. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಒಂದೋ ನೀರು ನಿಂತಿದೆ, ಇಲ್ಲವೇ ಸಾರಜನಕ ಸಾಲದು. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಎಂದು ತಿಳಿಯಬೇಕು. ಗೋಡೆಬದಿಯ ಹನ್ನೊಂದೂ ಎರಡನೆಯ ಬಗೆಯವು. ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ಅದರಲ್ಲಿ ಕಬ್ಬಿಣಕ್ಕೇನು ಬರಗಾಲ? ಹುಳಿ ಸ್ವಭಾವದ ಈ ಮಣ್ಣಿನಲ್ಲಿ ಅದು ಗಿಡಕ್ಕೆ ಸಲೀಸಾಗಿ ಸಿಗುತ್ತದೆ. ಸುಣ್ಣ ಸೇರಿದರೆ ಮಾತ್ರ ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ಗೋಡೆ ಕಟ್ಟುವಾಗ ಚಟ್ಟಿಗೆ ತುಂಬಿಸಿದ್ದು ಅಲ್ಲೇ ರಾಶಿ ಬಿದ್ದಿದ್ದ ಮಣ್ಣನ್ನು. ಅದರಲ್ಲಿ ಸಿಮೆಂಟ್ ಗಾರೆಯ ಪುಡಿ ಬೆರೆತಿತ್ತು.

ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಕೇಳಿದಾಗ ಅವರೊಂದು ಸುಲಭದ ಪರೀಕ್ಷೆ ಹೇಳಿದರು. ಒಂದು ಚಮಚ ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹನಿಸಿದರೆ ಸುಣ್ಣವಿದ್ದಲ್ಲಿ ಗುಳ್ಳೆ ಏಳುತ್ತದೆ. ಹುಡುಗಿಯೇ ಮಾಡಿದಳು. ಗೋಡೆಬದಿಯ ಮಣ್ಣು ಸಣ್ಣಗೆ ಬುಸುಗುಟ್ಟಿತು, ಬಾವಿಬದಿಯದ್ದು ಸುಮ್ಮನಿತ್ತು. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿಯನ್ನೂ ಕರೆದು ತೋರಿಸಿದೆವು. ಅಜ್ಜಿ ಬಗ್ಗಿ ನೋಡಿ, "ಸುಣ್ಣ ಹೆಚ್ಚಾದರೆ ನಾಲಗೆಯೇ ಸುಡುತ್ತದೆ, ಬೇರು ಬಿಡುತ್ತದಾ!" ಎಂದರು. ಎಲೆ ಅಡಿಕೆಯ ಅನುಭವಕ್ಕಿಂತ ದೊಡ್ಡ ವಿಜ್ಞಾನ ಯಾವುದಿದೆ ಹೇಳಿ!

ಇನ್ನು ನೇರಳೆ ಮೊಗ್ಗು. ಅರಳಿ ಬಾಡಿದ ಹೂ ನಸುಗೆಂಪಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಅರಳುವ ಮೊದಲೇ ಮೊಗ್ಗು ನೇರಳೆಯಾಗಿ, ಬುಡ ದಪ್ಪಗಾಗಿ ಉದುರಿದರೆ ಮೊಗ್ಗು ನೊಣದ ಕಾಟ. ಸೊಳ್ಳೆಗಿಂತಲೂ ಸಣ್ಣದಾದ ಈ ನೊಣ ಎಳೆಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಬಿಳಿ ಕಾಗದದ ಮೇಲೆ ಅಂಥ ಮೊಗ್ಗನ್ನು ಸೂಜಿಯಿಂದ ಬಿಡಿಸಿದರೆ ಕೂದಲೆಳೆಯಷ್ಟು ಸಣ್ಣ ಹುಳುಗಳು ಹೊರಳಾಡುವುದು ಕಾಣುತ್ತದೆ. ಅವು ಬೆಳೆದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೇಳುತ್ತವೆ. ಉದುರಿದ ಮೊಗ್ಗನ್ನು ಗಿಡದ ಬುಡದಲ್ಲೇ ಬಿಟ್ಟರೆ ಕಳ್ಳನಿಗೆ ಮನೆಯಲ್ಲೇ ಚಾಪೆ ಹಾಸಿಕೊಟ್ಟಂತೆ.

ಮದ್ದು ಎರಡು ಬಗೆಯಾಯಿತು. ಗೋಡೆಬದಿಯ ಹನ್ನೊಂದನ್ನು ಚಟ್ಟಿಯಿಂದ ಬಿಡಿಸಿ ಹಳೆಯ ಮಣ್ಣನ್ನು ಉದುರಿಸಿದೆವು. ತಳದ ತೂತಿನ ಮೇಲೆ ಹಂಚಿನ ಚೂರಿಟ್ಟು, ಗುಡ್ಡೆಯ ಕೆಂಪುಮಣ್ಣು, ಒಣಗಿದ ಹಟ್ಟಿಗೊಬ್ಬರ, ಸ್ವಲ್ಪ ಹೊಯಿಗೆ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಮತ್ತೆ ನೆಟ್ಟೆವು. ಒಂದು ವಾರ ನೆರಳಲ್ಲಿಟ್ಟೆವು. ಬೇರು ಹಿಡಿದ ಮೇಲೆ ಅನ್ನಭೇದಿಯನ್ನು ಲೀಟರ್ ನೀರಿಗೆ 5 ಗ್ರಾಮಿನಂತೆ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿದೆವು. ಬಾವಿಬದಿಯ ಇಪ್ಪತ್ತೊಂದನ್ನು ಒಂದಕ್ಕೊಂದು ತಾಗದಂತೆ ದೂರ ಸರಿಸಿದೆವು. ಉದುರಿದ, ನೇರಳೆಯಾದ ಮೊಗ್ಗನ್ನೆಲ್ಲ ದಿನವೂ ಹೆಕ್ಕಿ ಬಚ್ಚಲ ಒಲೆಗೆ ಹಾಕುವ ಕೆಲಸವನ್ನು ಅಜ್ಜಿ ತಾವಾಗಿಯೇ ವಹಿಸಿಕೊಂಡರು. ಮೇಲ್ಮಣ್ಣು ಕೆದಕಿ ಬೇವಿನ ಹಿಂಡಿ ಹಾಕಿ, ಬೇವಿನೆಣ್ಣೆಯನ್ನು ಲೀಟರಿಗೆ 5 ಮಿ.ಲೀ.ಯಂತೆ, ನಾಲ್ಕು ಹನಿ ಸಾಬೂನು ನೀರು ಸೇರಿಸಿ ವಾರಕ್ಕೊಮ್ಮೆ ಸಂಜೆ ಹೊಡೆದರು.

ಎಲ್ಲವೂ ಬದುಕಿದವು ಎಂದು ಹೇಳಿದರೆ ಕಥೆಯಾದೀತು. ಹನ್ನೊಂದರಲ್ಲಿ ಎರಡು ಸತ್ತವು. ಆ ವರ್ಷದ ಬೇಸಿಗೆಯ ಹೂವೂ ಹೋಯಿತು, ಅದು ಮರಳಿ ಬರಲಿಲ್ಲ. ತಿಂಗಳೊಳಗೆ ಉಳಿದ ಒಂಬತ್ತರಲ್ಲಿ ಹಸಿರು ಚಿಗುರು ಬಂತು. ಮಳೆ ಹಿಂದೆ ಸರಿದ ಮೇಲೆ ಹೂ ಮೆಲ್ಲನೆ ಮೊದಲಾಗಿ, ಮುಂದಿನ ಜನವರಿಯಲ್ಲಿ ದರ ಮೇಲಿದ್ದಾಗ ಒಂದು ಚೆಂಡಿಗೆ ಮೋಸವಿರಲಿಲ್ಲ. ಹುಡುಗಿ ನಂಬರು ಹಾಕಿದ ಪುಸ್ತಕವನ್ನು ಮುಂದುವರಿಸಿದ್ದಳು. ತಿಂಗಳಿನ ಎಲ್ಲ ದಿನಗಳಲ್ಲೂ ಅವಳದೇ ಅಕ್ಷರ ಇತ್ತು. ನಡುವೆ ಬಿಟ್ಟ ದಿನ ಒಂದೂ ಇಲ್ಲ. ಅಜ್ಜಿ ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಒಪ್ಪಿದರೋ ಬಿಟ್ಟರೋ ನಾನು ಕೇಳಲಿಲ್ಲ. ಕೇಳದೆ ಬಿಡುವುದೂ ಹಿರಿಯರಿಗೆ ಕೊಡುವ ಒಂದು ಮರ್ಯಾದೆಯೇ.

ಅಂದಿನಿಂದ ನನಗೊಂದು ಹೊಸ ಉದ್ಯೋಗ ಬಂತು. ರವಿವಾರ ಯಾರಾದರೂ ಒಂದು ಗೆಲ್ಲು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಹೆಚ್ಚಾಗಿ ಕೇಳುವುದು ಇವೇ ನಾಲ್ಕೈದು ಪ್ರಶ್ನೆಗಳನ್ನು. ನಿಮಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತೇನೆ.

"ಗಿಡ ಕಪ್ಪು ಹಸಿರಾಗಿ ಸೊಂಪಾಗಿದೆ, ಹೂ ಮಾತ್ರ ಇಲ್ಲ" ಎಂಬುದು ಮೊದಲನೆಯದು. ಅದಕ್ಕೆ ಊಟ ಹೆಚ್ಚಾಗಿದೆ, ಇಲ್ಲವೇ ಬಿಸಿಲು ಕಡಿಮೆಯಾಗಿದೆ. ಮಲ್ಲಿಗೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಜಗಲಿಯ ನೆರಳಿನಲ್ಲಿ ಚೆಂದಕ್ಕೆ ಇಟ್ಟ ಗಿಡ ಎಲೆಯನ್ನಷ್ಟೇ ಕೊಡುತ್ತದೆ. ಯೂರಿಯಾ, ಸೆಗಣಿನೀರು ಸುರಿದಷ್ಟೂ ಗೆಲ್ಲು ಉದ್ದವಾಗುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಒಂದು ಸುತ್ತಿನ ಹೂ ಮುಗಿದೊಡನೆ ಗೆಲ್ಲಿನ ತುದಿ ಸವರಬೇಕು. ಕತ್ತರಿ ಹಾಕಲು ನಮ್ಮ ಹೆಂಗಸರಿಗೆ ಕೈ ಬರುವುದಿಲ್ಲ, "ಪಾಪ" ಎನ್ನುತ್ತಾರೆ. ಮಲ್ಲಿಗೆಯ ಮಟ್ಟಿಗೆ ಆ ಪಾಪ ಮಾಡದವರಿಗೆ ಹೂವಿಲ್ಲ.

ಮೊಗ್ಗಿನಲ್ಲಿ ತೂತು, ಎರಡು ಮೂರು ಮೊಗ್ಗು ನೂಲಿನಿಂದ ಹೆಣೆದಂತೆ ಕಂಡರೆ ಮೊಗ್ಗು ಕೊರೆಯುವ ಹುಳು. ಒಂದೇ ಹುಳು ಹಲವು ಮೊಗ್ಗು ಹಾಳುಮಾಡುತ್ತದೆ. ಹತ್ತಿಪ್ಪತ್ತು ಚಟ್ಟಿಯ ಮನೆಗೆ ಬೆಳಿಗ್ಗೆ ಕೈಯಿಂದಲೇ ಹೆಕ್ಕುವುದು ಒಳ್ಳೆಯ ಉಪಾಯ. ಎಲೆ ಮಂಕಾಗಿ ರವೆ ಚೆಲ್ಲಿದಂತೆ ಚುಕ್ಕಿ ಬಿದ್ದು, ಅಡಿಯಲ್ಲಿ ತೆಳುವಾದ ಬಲೆ ಇದ್ದರೆ ಕೆಂಪು ನುಸಿ. ಕಾದ ತಾರಸಿಯ ಮೇಲೆ ಒಣ ದಿನಗಳಲ್ಲಿ ಅದರ ಹಾವಳಿ ಹೆಚ್ಚು. ಎಲೆಯ ಅಡಿಭಾಗಕ್ಕೆ ಪೈಪಿನಿಂದ ನೀರು ಚಿಮ್ಮಿಸಿದರೆ ಅರ್ಧಕ್ಕರ್ಧ ಹೋಗುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಮಿನಂತೆ ಸಿಂಪಡಿಸಬಹುದು, ಆದರೆ ಉರಿಬಿಸಿಲಿನಲ್ಲಿ ಬೇಡ, ಎಲೆ ಸುಟ್ಟೀತು. ಬೇವಿನೆಣ್ಣೆ ಹೊಡೆದ ಒಂದೆರಡು ವಾರದೊಳಗೂ ಗಂಧಕ ಬೇಡ. ಗಿಡದ ಮೇಲೆ ಇರುವೆ ಸಾಲು ಕಂಡರೆ ಇರುವೆಯನ್ನು ಬೈಯಬೇಡಿ. ಮೇಲೆ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಕುಳಿತು ಸಿಹಿರಸ ಸುರಿಸುತ್ತಿರುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ.

ಎಲ್ಲಕ್ಕಿಂತ ಅಪಾಯದ್ದು ಮಳೆಗಾಲದ ಕಾಯಿಲೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ನಾಡು ನಮ್ಮದು. ಆಟಿಯಲ್ಲಿ ಮಣ್ಣು ಒದ್ದೆಯಾಗಿದ್ದೂ ಗಿಡ ಬಾಯಾರಿದಂತೆ ಬಾಡಿದರೆ ಬೇರು ಕೊಳೆಯುತ್ತಿದೆ ಎಂದು ಅರ್ಥ. ಬಾಡಿದೆಯೆಂದು ಮತ್ತೆ ನೀರು ಹಾಕಿದರೆ ಮುಗಿಯಿತು. ಬುಡ ಕೆದಕಿ ನೋಡಿ. ಬಿಳಿಯ ಎಳೆ, ಸಾಸಿವೆಯಂಥ ಕಾಳುಗಳು ಕಂಡರೆ ಅದು ಶಿಲೀಂಧ್ರ. ಆ ಗಿಡವನ್ನು ಮಣ್ಣಿನೊಡನೆ ದೂರ ಒಯ್ದು ನಾಶಮಾಡಿ, ಉಳಿದವುಗಳ ಬುಡಕ್ಕೆ ಗೊಬ್ಬರದಲ್ಲಿ ಬೆರೆಸಿದ ಟ್ರೈಕೋಡರ್ಮಾ ಹಾಕಿ. ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿದರೆ ಅದು ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಗಿಡ ಸೊರಗಿ, ಬೇರಿನಲ್ಲಿ ಗಂಟುಗಂಟು ಕಂಡರೆ ಜಂತುಹುಳು. ಅದಕ್ಕೆ ಬೇವಿನ ಹಿಂಡಿ, ಚಟ್ಟಿಯ ಅಂಚಿನಲ್ಲೊಂದು ಗೊಂಡೆ ಹೂವಿನ ಗಿಡ.

ಇವಿಷ್ಟರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ, ದೊಡ್ಡ ಓದೂ ಬೇಡ. ಎಲೆ ತಿರುಗಿಸಿ ನೋಡಬೇಕು, ಮೊಗ್ಗು ಬಿಡಿಸಿ ನೋಡಬೇಕು, ಎಲ್ಲ ಚಟ್ಟಿಗೂ ಒಂದೇ ರೋಗವೋ ಬೇರೆಬೇರೆಯೋ ಎಂದು ಎಣಿಸಬೇಕು. ಮನೆಯಲ್ಲಿ ಏನು ಕೆಟ್ಟರೂ ಕಾರಣ ಹುಡುಕುವ ಮೊದಲು ಕೈ ಯಾರದೆಂದು ಹುಡುಕುವ ಅಭ್ಯಾಸ ನಮಗಿದೆ, ಆ ಕೈ ಹೆಚ್ಚಾಗಿ ಮನೆಯ ಹೆಣ್ಣಿನದೇ ಆಗಿರುತ್ತದೆ. ಹಾಲು ಒಡೆದರೆ, ಹಪ್ಪಳ ಹಾಳಾದರೆ, ಗಿಡ ಬಾಡಿದರೆ ಅವಳು ಮುಟ್ಟಿದ್ದಕ್ಕೆ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ರೋಗ ಮಾತ್ರ ಮುಗಿಯುವುದಿಲ್ಲ. ನೊಣ ಮಣ್ಣಿನಲ್ಲೇ ಇರುತ್ತದೆ, ಸುಣ್ಣ ಬೇರಿನಲ್ಲೇ ಇರುತ್ತದೆ.

ಈಗ ಆ ಹುಡುಗಿ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳು ಊರಿಗೆ ಬಂದಾಗ ಮೊದಲು ಇಳಿಯುವುದು ಅಂಗಳಕ್ಕೆ. ತಾಯಿಯ ಚಟ್ಟಿಗಳು ನಲವತ್ತನ್ನು ದಾಟಿವೆ. ನಿಮ್ಮಲ್ಲೂ ನಾಲ್ಕು ಚಟ್ಟಿ ಇದ್ದರೆ ಕಾರ್ತೆಲ್ ತಿಂಗಳ ಮಳೆ ಜೋರಾಗುವ ಮೊದಲು ಒಂದು ಕೆಲಸ ಮಾಡಿ. ಚಟ್ಟಿಯನ್ನು ಓರೆಮಾಡಿ ತಳದ ತೂತು ತೆರೆದಿದೆಯೇ ನೋಡಿ, ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಿ, ಅಡಿಗೆ ಎರಡು ಹಂಚಿನ ತುಂಡಿಟ್ಟು ನೆಲದಿಂದ ಒಂದಿಷ್ಟು ಎತ್ತರಿಸಿ. ಮಳೆಯ ಜೋರು ಕಳೆದು ಸೋಣ ಬಂದಾಗ ಗಿಡ ಇದ್ದರೆ ಹೂವಿನ ಮಾತು. ಯಾವ ದಿನ ಮಾಡಬೇಕು ಎಂದು ಪಂಚಾಂಗವನ್ನೂ ನೋಡಬೇಡಿ, ಬೇರೆ ಲೆಕ್ಕವನ್ನೂ ನೋಡಬೇಡಿ. ಮಳೆ ಬಿಟ್ಟ ಯಾವ ಹೊತ್ತಾದರೂ ಆದೀತು.